ಪೀರಪ್ಪ ಪದಕ ಧರಿಸಿದ ದಿನ

ಭೀಮೆಯ ದಂಡೆಯ ಮಣ್ಣೂರಿನಲ್ಲಿ ಪೀರಪ್ಪನಂತೆ ಈಜುವವರು ಅವನ ಓರಗೆಯವರಲ್ಲಿ ಬೇರೆ ಯಾರೂ ಇರಲಿಲ್ಲ. ಕೂಲಿಯ ಮನೆತನ ಅವನದು. ಅವರ ಕೇರಿಯವರು ಊರ ಘಾಟಿಗೆ ಇಳಿಯುವಂತಿರಲಿಲ್ಲ. ಆದ್ದರಿಂದ ಹೊಳೆ ತಿರುಗುವಲ್ಲಿ, ಸುಳಿ ಬೀಳುವ ಕೆಳಗಿನ ಮಡುವಿನಲ್ಲಿ ಅವನು ಈಜು ಕಲಿತ. ಪ್ರಾಯಕ್ಕೆ ಬರುತ್ತಲೇ ಫೌಜಿಗೆ ಸೇರಿದ. ರಜೆಯ ಮೇಲೆ ಬಂದಿದ್ದಾಗ ಕಸ್ತೂರಿಬಾಯಿಯನ್ನು ಮದುವೆಯಾದ.

೧೯೭೧ರ ಡಿಸೆಂಬರಿನಲ್ಲಿ ಅವನ ಪಲ್ಟನ್ ಪೂರ್ವದ ಗಡಿಯಾಚೆ ಒಂದು ಹೊಳೆ ದಾಟಬೇಕಾಗಿ ಬಂತು. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಮೊದಲು ಈಜಿ ಹೋದವನು ಪೀರಪ್ಪ. ಆಚೆ ದಂಡೆಯ ಮರಕ್ಕೆ ಹಗ್ಗ ಬಿಗಿದ. ಉಳಿದವರು ಅದನ್ನು ಹಿಡಿದು ದಾಟಿದರು. ನಡುವೆ ಫಿರಂಗಿಯ ಶೆಲ್ ಬಿದ್ದಾಗ ಮತ್ತೆ ನೀರಿಗೆ ಹಾರಿ ಗಾಯಗೊಂಡ ಒಬ್ಬನನ್ನು ಎಳೆದು ತಂದ. ಅದಕ್ಕಾಗಿ ಅವನಿಗೆ ಸೇನಾ ಪದಕ ಕೊಟ್ಟರು. ಆದರೆ ಅವನ ಬಲಗಿವಿ ಕೇಳದಾಯಿತು, ಎಡಭುಜ ಮೊದಲಿನಂತೆ ಏಳದಾಯಿತು. ಬಹಳ ಕಾಲ ಆಸ್ಪತ್ರೆಯಲ್ಲಿದ್ದು, ೧೯೭೩ರ ಬೇಸಿಗೆಯಲ್ಲಿ ಫೌಜಿನಿಂದ ಬಿಡುಗಡೆಯಾಗಿ ಊರಿಗೆ ಬಂದ.

ಊರು ಅವನನ್ನು ಪ್ರೀತಿಯಿಂದಲೇ ಬರಮಾಡಿಕೊಂಡಿತು. ಆ ವರ್ಷದ ಆಗಸ್ಟ್ ಹದಿನೈದಕ್ಕೆ ಶಾಲೆಯ ಹೆಡ್‌ಮಾಸ್ತರ ವ್ಯಂಕಟೇಶರಾಯರು ಸನ್ಮಾನ ಇಟ್ಟುಕೊಂಡರು. ಗೌಡರ ಪಕ್ಕದ ಕುರ್ಚಿಯಲ್ಲಿ ಪೀರಪ್ಪನನ್ನು ಕೂರಿಸಿದರು. ಅವನ ಕೇರಿಯವರೊಬ್ಬರು ಆ ಸಾಲಿನಲ್ಲಿ ಕುಳಿತದ್ದು ಅದೇ ಮೊದಲು. ಮಾಸ್ತರರು ಅವನ ಸಾಹಸವನ್ನು ವರ್ಣಿಸಿ ಮುಗಿಸಿದಾಗ ಗುಂಪಿನಲ್ಲಿ ಯಾರೋ ಅಂದರು: "ಕೇಳೋದು ಸಾಕ್ರಿ ಮಾಸ್ತರ್ರ. ಹೊಳಿ ಇಲ್ಲೇ ಅದ. ಒಂದ್ಸಲ ನೋಡೇ ಬಿಡೂನು."

ಮಾಸ್ತರರಿಗೂ ಆ ಮಾತು ಹಿಡಿಸಿತು. "ತೋರ್ಸಪಾ ಪೀರಪ್ಪ. ಹುಡುಗ್ರು ನೋಡಿ ಕಲೀಲಿ" ಎಂದರು.

ಎಲ್ಲರೂ ಘಾಟಿಗೆ ನಡೆದರು. ಭೀಮೆ ಕೆಂಪಾಗಿ, ದಂಡೆ ತುಂಬ ಹರಿಯುತ್ತಿತ್ತು. ಯಾರೋ ಬಾವಿಯ ದಪ್ಪ ಹಗ್ಗ ತಂದರು. ಮಾಸ್ತರರೇ ಅದನ್ನು ಅವನ ಸೊಂಟಕ್ಕೆ ಸುತ್ತಿದರು. ಪೀರಪ್ಪ ಬೇಡವೆನ್ನಲಿಲ್ಲ. ವರ್ದಿಯಲ್ಲೇ ನೀರಿಗೆ ಇಳಿದ. ಸೊಂಟದ ಮಟ್ಟ ನೀರು ಬಂದಾಗ ನಿಂತ. ದಂಡೆಯ ಮೇಲೆ ಜನ ಕೇಕೆ ಹಾಕುತ್ತಿದ್ದರು. ಅವನು ನಿಂತೇ ಇದ್ದ. ಕೇಕೆ ಕಡಿಮೆಯಾಯಿತು, ಆಮೇಲೆ ಪೂರ್ತಿ ನಿಂತಿತು. ಪೀರಪ್ಪ ತಿರುಗಿ ಮೇಲೆ ಬಂದು, ಹಗ್ಗ ಬಿಚ್ಚಿ ಮಾಸ್ತರರ ಮುಂದೆ ಇಟ್ಟು, ತೊಯ್ದ ಬಟ್ಟೆಯಲ್ಲಿ ಜನರ ನಡುವೆ ಹಾದು ಮನೆಗೆ ಹೋದ. ಅವನ ಕೇರಿಯ ಮನುಷ್ಯ ಊರ ಘಾಟಿನಲ್ಲಿ ಇಳಿದು ಬಂದದ್ದು ಆ ಗಡಿಬಿಡಿಯಲ್ಲಿ ಯಾರ ಲಕ್ಷ್ಯಕ್ಕೂ ಬರಲಿಲ್ಲ.

ಮರುದಿನದಿಂದ ಊರಿನಲ್ಲಿ ಒಂದು ಮಾತು ಹುಟ್ಟಿತು: ಬಿಲ್ಲೆ ತಂದವನು ನೀರಿಗೆ ಅಂಜುತ್ತಾನೆ. ಪೀರಪ್ಪ ಪದಕವನ್ನು ಟ್ರಂಕಿನ ತಳಕ್ಕೆ ಹಾಕಿದ. ಪಾಲಿಗೆ ಹೊಲ ಹಿಡಿದು ಜೋಳ ಬೆಳೆದ. ಸ್ನಾನಕ್ಕೂ ಹೊಳೆಗೆ ಹೋಗುತ್ತಿರಲಿಲ್ಲ. ಕಸ್ತೂರಿಬಾಯಿ ಬಾವಿಯಿಂದ ನೀರು ತಂದು ಕಾಯಿಸಿ ಕೊಡುತ್ತಿದ್ದಳು. ಯಾಕೆ ಎಂದು ಅವಳು ಕೇಳಲಿಲ್ಲ. ಗಂಡ ಹೇಳುವ ದಿನ ಹೇಳುತ್ತಾನೆ ಎಂದುಕೊಂಡಿದ್ದಳು. ಮುಂದಿನ ಸನ್ಮಾನಗಳಿಗೆ ಕರೆ ಬಂದಾಗೆಲ್ಲ ಅವನು ಹೊಲದಲ್ಲಿ ಕೆಲಸವಿದೆ ಎಂದು ಹೇಳಿ ಕಳಿಸುತ್ತಿದ್ದ. ಕರೆ ಬರುವುದೂ ಕಡಿಮೆಯಾಯಿತು.

೧೯೭೬ರ ಜನವರಿ. ಜೋಳದ ತೆನೆ ಹಾಲುಗಟ್ಟಿತ್ತು. ಒಂದು ಮುಂಜಾನೆ ಅಫಜಲಪುರದ ಬಸ್ಸಿನಿಂದ ಇಬ್ಬರು ಮುದುಕರು ಇಳಿದು, ಫೌಜಿ ಪೀರಪ್ಪನ ಮನೆ ಯಾವುದೆಂದು ಕೇಳುತ್ತ ಬಂದರು. ಗಂಡಸು ಎತ್ತರದವನು, ಬಿಳಿ ಗಡ್ಡ. ಅವನ ಹಿಂದೆ ಬುರ್ಖಾ ತೊಟ್ಟ ಹೆಂಗಸು, ಕೈಯಲ್ಲಿ ಬಟ್ಟೆಯ ಗಂಟು. ಅಂಗಳದಲ್ಲಿ ನಿಂತಿದ್ದ ಪೀರಪ್ಪನಿಗೆ ಅವರು ಯಾರೆಂದು ಹೇಳಬೇಕಾಗಲಿಲ್ಲ. ಆ ಎತ್ತರ, ಆ ಹುಬ್ಬು, ಎಲ್ಲವೂ ರಾಜೇಸಾಬನವೇ.

ರಾಜೇಸಾಬ ಆಳಂದದವನು, ಟಾಂಗಾ ಹೊಡೆಯುವ ಹುಸೇನಸಾಬರ ಒಬ್ಬನೇ ಮಗ. ಪಲ್ಟನ್ನಿನಲ್ಲಿ ಕನ್ನಡ ಆಡುವವರು ಅವರಿಬ್ಬರೇ ಇದ್ದುದರಿಂದ ಒಂದೇ ತಾಟಿನಲ್ಲಿ ಉಣ್ಣುವಷ್ಟು ಸಲಿಗೆಯಾಗಿತ್ತು. ಮನೆಗೆ ಬರೆದ ಕಾಗದಗಳಲ್ಲೂ ರಾಜೇಸಾಬ ಪೀರಪ್ಪನ ಹೆಸರು, ಊರು ಬರೆದಿದ್ದ. ಅವನೂ ಆ ಹೊಳೆ ದಾಟಲು ಇಳಿದವನು. ಆಚೆ ದಂಡೆಗೆ ಬರಲಿಲ್ಲ. ಹೆಣವೂ ಸಿಗಲಿಲ್ಲ.

"ನೀ ಬರ್ತೀ ಅಂತ ಭಾಳ ದಿನಾ ದಾರಿ ನೋಡಿದಿವಿ ಬೇಟಾ" ಎಂದರು ಹುಸೇನಸಾಬರು. "ಬರ್ಲಿಲ್ಲ. ಅದಕ ನಾವೇ ಬಂದಿವಿ."

ಪೀರಪ್ಪ ಬಾಗಿ ಇಬ್ಬರ ಕಾಲೂ ಮುಟ್ಟಿದ. ಕಸ್ತೂರಿಬಾಯಿ ಮುಂದೆ ಬಂದು, "ಒಳಗ ಬರ್ರಿ ಚಾಚಿ. ಕೈಕಾಲ ತೊಳಕೋರಿ" ಎಂದು ಆ ತಾಯಿಯ ಕೈಯಿಂದ ಗಂಟು ಇಸಿದುಕೊಂಡಳು. ಆಕೆಯ ಹೆಸರು ಪ್ಯಾರಿಬಿ.

ಬುದ್ಧನ ಪಟವಿದ್ದ ಗೋಡೆಗೆ ಒರಗಿ ಕುಳಿತು ಪ್ಯಾರಿಬಿ ಒಂದೊಂದೇ ಕೇಳತೊಡಗಿದಳು. ಪೀರಪ್ಪ ನಿರೀಕ್ಷಿಸಿದ ಪ್ರಶ್ನೆಗಳಲ್ಲ ಅವು.

"ಅಂವಾ ಅನ್ನ ತಿಂತಾನೇನು? ಮನ್ಯಾಗ ರೊಟ್ಟಿನೇ ಬೇಕಂತಿದ್ದ."

"ತಿಂತಿದ್ದ ಚಾಚಿ. ಮೊದಮೊದಲ ಬೈಕೋತ ತಿಂತಿದ್ದ."

"ಸಿಟ್ಟು ಕಡಿಮಿ ಆಗ್ಯದೇನು?"

"ಮನಷ್ಯಾರ ಮ್ಯಾಲ ಸಿಟ್ಟೇ ಮಾಡ್ತಿದ್ದಿಲ್ರಿ. ಪಲ್ಟನ್ನಿನ ಹೇಸರಗತ್ತಿ ಅಂವನ ಮಾತು ಬಿಟ್ರ ಬ್ಯಾರೆ ಯಾರ ಮಾತೂ ಕೇಳ್ತಿದ್ದಿಲ್ಲ. ಅವಕ್ಕ ಆಳಂದದ ಬೈಗಳ ಕಲ್ಸಿದ್ದ."

ಪ್ಯಾರಿಬಿ ನಕ್ಕಳು. ಹುಸೇನಸಾಬರು ನಗಲಿಲ್ಲ. ಮಧ್ಯಾಹ್ನ ಅವರು ಹೊಲ ನೋಡಬೇಕೆಂದರು. ಪೀರಪ್ಪ ಕರೆದುಕೊಂಡು ಹೋದ. ಕುಳ್ಳಿನ ಕೆಂಡದಲ್ಲಿ ಹಸಿ ತೆನೆ ಸುಟ್ಟು, ಕೈಯಲ್ಲಿ ಉಜ್ಜಿ, ಸೀತನಿ ಮಾಡಿ ಅವರ ಮುಂದೆ ಬಟ್ಟೆಯ ಮೇಲೆ ಹರವಿದ. ಹುಸೇನಸಾಬರು ಒಂದು ಹಿಡಿ ತೆಗೆದುಕೊಂಡು ಬಾಯಿಗೆ ಹಾಕದೆ ಕುಳಿತರು.

"ಈಗ ಹೇಳು" ಎಂದರು. "ಪ್ಯಾರಿ ಮುಂದ ಹೇಳಲಾರದ್ದು."

ಪೀರಪ್ಪ ಹೇಳಿದ. ಅದುವರೆಗೆ ಹೆಂಡತಿಗೂ ಹೇಳಿರಲಿಲ್ಲ. ರಾಜೇಸಾಬನಿಗೆ ಈಜು ಬರುತ್ತಿರಲಿಲ್ಲ. ನೀರು ಕಂಡರೆ ಅವನ ಮುಖ ಬಿಳಿಚುತ್ತಿತ್ತು. ಹೊಳೆಗೆ ಇಳಿಯುವ ಮುಂಚೆ ಪೀರಪ್ಪ ಅವನ ಹೆಗಲು ಹಿಡಿದು, ಏನೇ ಆಗಲಿ ಹಗ್ಗ ಬಿಡಬೇಡ, ಆ ಕಡೆ ನಾನಿದ್ದೇನೆ ಎಂದಿದ್ದ. ರಾಜೇಸಾಬ ತಲೆಯಾಡಿಸಿದ್ದ. ಬೆಳಗಿನ ಮಂಜಿನಲ್ಲಿ ಒಬ್ಬೊಬ್ಬರಾಗಿ ದಾಟುತ್ತಿದ್ದಾಗ ನೀರಿನಲ್ಲಿ ಶೆಲ್ ಬಿದ್ದು ಹಗ್ಗ ಎರಡು ಕಡೆ ತುಂಡಾಯಿತು. ಪೀರಪ್ಪ ಹಾರಿದ. ಹತ್ತಿರದಲ್ಲಿ ನಾಯಕ್ ಹುದ್ದೆಯವನೊಬ್ಬ, ಗಾಯಗೊಂಡಿದ್ದ. ದೂರದಲ್ಲಿ ರಾಜೇಸಾಬ. ಹತ್ತಿರದವನನ್ನು ಹಿಡಿದು ದಂಡೆಗೆ ತಂದು ತಿರುಗಿ ನೋಡಿದಾಗ ರಾಜೇಸಾಬ ಹರಿದ ಹಗ್ಗದ ತುಣುಕನ್ನು ಎರಡೂ ಕೈಯಲ್ಲಿ ಎದೆಗೆ ಅವುಚಿಕೊಂಡು ಪ್ರವಾಹದಲ್ಲಿ ಹೋಗುತ್ತಿದ್ದ. ಹಗ್ಗ ಬಿಟ್ಟು ಕೈ ಬಡಿದಿದ್ದರೆ ಪಕ್ಕದಲ್ಲೇ ತೇಲುತ್ತಿದ್ದ ಮರದ ಕೊರಡಾದರೂ ಸಿಗುತ್ತಿತ್ತು. ಅವನು ಬಿಡಲಿಲ್ಲ. ಪೀರಪ್ಪ ಮತ್ತೆ ಹಾರಿದ. ಎರಡನೆಯ ಶೆಲ್ಲು ಬಿತ್ತು. ಕಣ್ಣು ಬಿಟ್ಟಾಗ ಅವನು ಆಸ್ಪತ್ರೆಯಲ್ಲಿದ್ದ.

"ನಾ ಹೇಳಿದ್ದಕ್ಕ ಅಂವಾ ಬಿಡ್ಲಿಲ್ಲ ಚಾಚಾ" ಎಂದ ಪೀರಪ್ಪ. "ನನ್ನ ಮಾತೇ ಅಂವನ್ನ ಮುಳಗ್ಸಿತು. ಆ ಬಿಲ್ಲಿ ಹಾಕ್ಕೊಂಡು ನಿಮ್ಮ ಮನಿಗಿ ಹ್ಯಾಂಗ ಬರ್ಲಿ?"

ಹುಸೇನಸಾಬರು ಕೈಯಲ್ಲಿದ್ದ ಸೀತನಿಯನ್ನು ಮರಳಿ ಬಟ್ಟೆಯ ಮೇಲೆ ಇಟ್ಟರು. ಆಮೇಲೆ ಕೇಳಿದರು: "ಅಂವಾ ಹಗ್ಗ ಬಿಡ್ಲೇ ಇಲ್ಲೇನು?"

"ಇಲ್ರಿ."

"ನೀ ಕಣ್ಲೆ ನೋಡಿದಿ?"

"ನೋಡೀನ್ರಿ."

ಮುದುಕರ ಮುಖ ಸಡಿಲವಾಯಿತು. ಪೀರಪ್ಪನಿಗೆ ಅದು ಅರ್ಥವಾಗಲಿಲ್ಲ. ಹುಸೇನಸಾಬರು ನಿಧಾನವಾಗಿ ಬಿಡಿಸಿ ಹೇಳಿದರು.

"ನಮ್ಮ ಟಾಂಗಾ ಸ್ಟ್ಯಾಂಡಿನ್ಯಾಗ ಒಬ್ಬಾಂವ ಒಂದು ಮಾತು ಹುಟ್ಟಿಸ್ಯಾನ. ಹೆಣಾ ಬಂದಿಲ್ಲ, ಹುಸೇನಸಾಬನ ಮಗ ಅತ್ತಕಡಿ, ದುಶ್ಮನ್ರ ಕಡಿ, ಓಡಿ ಹೋಗ್ಯಾನ, ಅಲ್ಲೇ ಮನಿ ಮಾಡ್ಕೊಂಡು ಅದಾನ ಅಂತ. ನಾ ಎದುರು ಬೈದು ಬಾಯಿ ಮುಚ್ಚಸ್ತೇನಿ. ಆದ್ರ ಒಬ್ಬಾವನೇ ಕುಂತಾಗ ನನ್ನ ಮನಸೇ ಕೇಳ್ತದ, ಇರಬಹುದೇನೋ ಅಂತ. ಮಗ ಬದುಕ್ಯಾನ ಅಂದ್ರ ಅಪ್ಪಗ ಸಂತೋಷ ಆಗಬೇಕು. ನನಗ ಆಗೂದಿಲ್ಲ. ಇದೊಂದು ಹುಣ್ಣಾಗಿತ್ತು ನೋಡು. ಇವತ್ತು ನೀ ಒಡದಿ."

"ಚಾಚಿಗೆ ಈ ಮಾತು ಗೊತ್ತದೇನ್ರಿ?"

"ಗೊತ್ತದ. ಆಕಿ ನಂಬ್ಯಾಳ. ಓಡಿ ಹೋಗಿದ್ರೂ ಬದುಕಿರ್ಲಿ ಅಂತ ನಂಬ್ಯಾಳ. ಮುಂಜಾನಿ ನೀ ಕೇಳಿಲ್ಲೇನು ಆಕಿ ಮಾತು?"

ಪೀರಪ್ಪನಿಗೆ ಆಗ ಹೊಳೆಯಿತು. ಅನ್ನ ತಿನ್ನುತ್ತಾನೆಯೇ, ಸಿಟ್ಟು ಕಡಿಮೆಯಾಗಿದೆಯೇ ಎಂದಿದ್ದಳು ಆಕೆ. ಬದುಕಿರುವವನ ಬಗ್ಗೆ ಕೇಳುವ ಹಾಗೆ ಕೇಳಿದ್ದಳು.

"ನೀ ಆಳಂದಕ್ಕ ಬಂದು ಆ ಸ್ಟ್ಯಾಂಡಿನ್ಯಾಗ ಈ ಮಾತು ಹೇಳಿದ್ರ ನನ್ನ ಮಗನ ಹೆಸರು ಉಳೀತದ. ಆದ್ರ ಪ್ಯಾರಿಗಿ ಮಗ ಇಲ್ಲದಂಗ ಆಗ್ತದ. ನಾ ಜುಲುಮಿ ಮಾಡಂಗಿಲ್ಲ. ನೀನೇ ವಿಚಾರ ಮಾಡು" ಎಂದು ಹುಸೇನಸಾಬರು ಎದ್ದರು.

ಅವರು ಮರುದಿನ ಊರಿಗೆ ಮರಳಿದರು. ಪೀರಪ್ಪ ಕೆಲವು ದಿನ ಯಾವ ನಿರ್ಧಾರಕ್ಕೂ ಬರಲಾರದೆ ಒದ್ದಾಡಿದ. ಕಡೆಗೆ ಕಸ್ತೂರಿಬಾಯಿಗೆ ಎಲ್ಲವನ್ನೂ ಹೇಳಿದ. ಅವಳು ಹಿಟ್ಟು ನಾದುತ್ತಿದ್ದವಳು ಕೈ ನಿಲ್ಲಿಸಿ ಕೇಳಿದಳು. ಮುಗಿದ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಅಂದಳು: "ಹೋಗ್ರಿ. ಆದ್ರ ಮೊದಲ ಆ ತಾಯಿಗಿ ಹೇಳ್ರಿ. ಸ್ಟ್ಯಾಂಡಿನ ಜನ ಆಕಿಗಿಂತ ಮೊದಲ ಕೇಳಬಾರ್ದು."

"ಆಕಿ ಬ್ಯಾಡ ಅಂದ್ರ?"

"ಬ್ಯಾಡ ಅಂದ್ರ ತಿರುಗಿ ಬರ್ರಿ. ಅದು ಆಕಿ ಮಗನ ಮಾತು."

ಸುಗ್ಗಿ ಮುಗಿದ ಮೇಲೆ ಪೀರಪ್ಪ ಹೊರಟ. ಕಸ್ತೂರಿಬಾಯಿ ಟ್ರಂಕು ತೆಗೆದು ವರ್ದಿ ಒಗೆದು, ಕಾಯಿಸಿದ ತಂಬಿಗೆಯಿಂದ ಇಸ್ತ್ರಿ ಮಾಡಿದ್ದಳು. ತಳದಲ್ಲಿದ್ದ ಪದಕವನ್ನು ಎತ್ತಿ ಒರೆಸಿ, ಅವನ ಎದೆಗೆ ತಾನೇ ಸಿಕ್ಕಿಸಿದಳು. ಅವನು ಅದನ್ನು ಎದೆಯ ಮೇಲೆ ಹಾಕಿಕೊಂಡು ಮನೆಯ ಹೊಸ್ತಿಲು ದಾಟಿದ್ದು ಅದೇ ಮೊದಲ ಸಲ.

ಆಳಂದದಲ್ಲಿ ಹುಸೇನಸಾಬರ ಮನೆ ಚಿಕ್ಕದು. ಮುಂದೆ ಕುದುರೆ ಕಟ್ಟುವ ಚಪ್ಪರ. ಪ್ಯಾರಿಬಿ ಅವನ ವರ್ದಿ ನೋಡುತ್ತಲೇ ಗೋಡೆ ಹಿಡಿದು ನಿಂತಳು. ಪೀರಪ್ಪ ಅವಳೆದುರು ನೆಲದ ಮೇಲೆ ಕುಳಿತ. ಹೇಗೆ ಶುರು ಮಾಡಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡದ್ದೆಲ್ಲ ಮರೆತುಹೋಯಿತು.

"ಚಾಚಿ, ರಾಜೇಸಾಬ ಇಲ್ಲ" ಎಂದ. "ನಾ ನೋಡೀನಿ."

ಹೊಳೆಯಲ್ಲಿ ನಡೆದುದನ್ನು ಒಂದೂ ಬಿಡದೆ ಹೇಳಿದ. ಹಗ್ಗ ಬಿಡಬೇಡ ಎಂದು ತಾನು ಹೇಳಿದ್ದನ್ನೂ, ಹತ್ತಿರದವನನ್ನು ಮೊದಲು ಹಿಡಿದದ್ದನ್ನೂ ಹೇಳಿದ. ಆಕೆ ಅಳಲಿಲ್ಲ. ಕಡೆಗೆ ಒಂದೇ ಪ್ರಶ್ನೆ ಕೇಳಿದಳು.

"ನೀರು ಥಂಡಿ ಇತ್ತೇನು?"

"ಭಾಳ ಥಂಡಿ ಇತ್ತು ಚಾಚಿ."

"ಸಣ್ಣಾಂವ ಇದ್ದಾಗಿಂದ ಅಂವಗ ಥಂಡಿ ತಡಕೊಳ್ಳಾಕ ಆಗ್ತಿದ್ದಿಲ್ಲ" ಎಂದಳು. ಅಷ್ಟು ಹೇಳಿ ಮುಖ ಮುಚ್ಚಿಕೊಂಡಳು. ಹುಸೇನಸಾಬರು ಹೊರಗೆ ಹೋಗಿ ಕುದುರೆಯ ಬಳಿ ನಿಂತರು. ಪೀರಪ್ಪ ಕುಳಿತಲ್ಲಿಂದ ಏಳಲಿಲ್ಲ. ಆಕೆಯ ಅಳು ನಿಲ್ಲುವವರೆಗೆ ಕುಳಿತಿದ್ದ. ಸ್ಟ್ಯಾಂಡಿನ ಸುದ್ದಿಯನ್ನು ಅವನು ಎತ್ತಲಿಲ್ಲ. ಪ್ಯಾರಿಬಿಯೇ ಬುರ್ಖಾ ಹಾಕಿಕೊಂಡು ಹೊರಬಂದು ಗಂಡನಿಗೆ ಟಾಂಗಾ ಹೂಡಲು ಹೇಳಿದಳು.

"ಎಲ್ಲಿಗಿ?" ಎಂದರು ಹುಸೇನಸಾಬರು.

"ಸ್ಟ್ಯಾಂಡಿಗಿ. ಇಂವಾ ಹೇಳ್ಲಿ. ಮಗ ಬದುಕಿರ್ಲಿ ಅಂತ ನಾ ಆ ಸುಳ್ಳು ಇಟ್ಕೊಂಡಿದ್ದೆ. ಇನ್ನ ಅದು ಯಾಕ ಬೇಕು?"

ಬಸ್ ನಿಲ್ದಾಣದ ಎದುರಿನ ಟಾಂಗಾ ಸ್ಟ್ಯಾಂಡಿನಲ್ಲಿ ಆ ಹೊತ್ತಿಗೆ ಜನ ತುಂಬಿದ್ದರು. ಪದಕ ತೊಟ್ಟ ಫೌಜಿಯನ್ನು ಕಂಡು ಚಹಾದ ಅಂಗಡಿಯಿಂದ ಇನ್ನಷ್ಟು ಮಂದಿ ಬಂದರು. ಪೀರಪ್ಪ ಟಾಂಗಾದ ಪಾವಟಿಗೆಯ ಮೇಲೆ ನಿಂತು ಮಾತಾಡಿದ. ಭಾಷಣ ಬಾರದವನು, ನಡೆದದ್ದನ್ನು ನಡೆದ ಹಾಗೆ ಹೇಳಿದ. ಗುಂಪಿನ ಹಿಂದಿನಿಂದ ಒಬ್ಬ ಕೇಳಿದ: "ಮುಳಗ್ಯಾನ ಅಂತ ಹ್ಯಾಂಗ ಹೇಳ್ತೀರಿ? ಈಸಿ ಅತ್ತಕಡಿ ಹೋಗಿರಬಹುದಲ್ಲ?"

"ಅಂವಗ ಈಸಾಕ ಬರ್ತಿದ್ದಿಲ್ರಿ" ಎಂದ ಪೀರಪ್ಪ. "ನೀರಿಗಿ ಅಂಜತಿದ್ದ. ಅಂಜಿಕೋತನೇ ಇಳದ. ನನಗ ಈಸು ಗೊತ್ತಿತ್ತು, ನಾ ಇಳದದ್ದು ದೊಡ್ಡದಲ್ಲ. ಈ ಬಿಲ್ಲಿ ಇಬ್ಬರಿಗೂ ಸೇರಿದ್ದು ಅಂತ ತಿಳಕೋರಿ."

ಹಿರಿಯ ಟಾಂಗಾವಾಲನೊಬ್ಬ ಮುಂದೆ ಬಂದು ಹುಸೇನಸಾಬರನ್ನು ಅಪ್ಪಿಕೊಂಡ. ಅವನ ಹಿಂದೆ ಇನ್ನೊಬ್ಬ, ಮತ್ತೊಬ್ಬ. ಮಗ ಸತ್ತು ಇಷ್ಟು ಕಾಲವಾದ ಮೇಲೆ ಜನ ಅಂದು ಅವರಿಗೆ ಸಾಂತ್ವನ ಹೇಳಿದರು. ಮನೆಯ ಮುಂದೆ ಸಂಜೆಯವರೆಗೂ ಬಂದು ಹೋಗುವವರಿದ್ದರು. ಪ್ಯಾರಿಬಿ ಪೀರಪ್ಪನಿಗೆ ಅನ್ನ ಬಡಿಸಿ ಎದುರೇ ಕುಳಿತು, ಮುಗಿಯಿತೆಂದರೂ ಬಿಡದೆ ಮತ್ತೆ ಬಡಿಸಿದಳು.

ಮುಂದೆ ಪೀರಪ್ಪ ಜಿಲ್ಲೆಯ ಸೈನಿಕರ ಕಚೇರಿಗೂ ಹೋಗಿ ಇದೇ ಸಾಕ್ಷಿ ಹೇಳಿದ. ಕಾಣೆಯಾದವರ ಲೆಕ್ಕದಲ್ಲಿದ್ದ ರಾಜೇಸಾಬನ ಹೆಸರು ಕಾಲಕ್ರಮದಲ್ಲಿ ಯುದ್ಧದಲ್ಲಿ ಮಡಿದವರ ಸಾಲಿಗೆ ಸೇರಿತು. ತಂದೆತಾಯಿಗೆ ಸಲ್ಲಬೇಕಾದದ್ದು ಸಂದಿತು. ಪೀರಪ್ಪ ವರ್ಷಕ್ಕೆ ಎರಡು ಮೂರು ಸಲ ಆಳಂದಕ್ಕೆ ಹೋಗಿಬರುತ್ತಿದ್ದ. ಹುಸೇನಸಾಬರು ತೀರಿಕೊಂಡಾಗ ಹೆಗಲು ಕೊಟ್ಟ. ಆಮೇಲೆ ಪ್ಯಾರಿಬಿಯ ಮನೆಯ ಮಾಳಿಗೆಗೆ ಮಣ್ಣು ಹಾಕಿಸುವುದು, ದವಾಖಾನೆಗೆ ಕರೆದೊಯ್ಯುವುದು ಅವನದೇ ಆಯಿತು. ಪ್ಯಾರಿಬಿಯೂ ಒಮ್ಮೊಮ್ಮೆ ಮಣ್ಣೂರಿಗೆ ಬಂದು ಕಸ್ತೂರಿಬಾಯಿಯ ಜೊತೆ ತಿಂಗಳುಗಟ್ಟಲೆ ಇರುತ್ತಿದ್ದಳು. ಕೇರಿಯಲ್ಲಿ ಅವಳನ್ನು ಎಲ್ಲರೂ ಚಾಚಿ ಎಂದೇ ಕರೆದರು.

ಆಳಂದದ ಸಂಗತಿ ಮಣ್ಣೂರಿಗೆ ತಲುಪಲು ಬಹಳ ದಿನ ಹಿಡಿಯಲಿಲ್ಲ. ಒಂದು ದಿನ ವ್ಯಂಕಟೇಶ ಮಾಸ್ತರರು ಪೀರಪ್ಪನ ಮನೆಗೆ ಬಂದರು. ಅವರು ಆ ಕೇರಿಗೆ ಕಾಲಿಟ್ಟದ್ದು ಅಪರೂಪ. ಕಸ್ತೂರಿಬಾಯಿ ಕೊಟ್ಟ ಚಹಾ ಕುಡಿದು, ಕಪ್ಪು ಕೆಳಗಿಟ್ಟು ಹೇಳಿದರು: "ಆವತ್ತು ನಾ ನಿನ್ನ ಒಂದು ಮಾತು ಕೇಳಬೇಕಾಗಿತ್ತು ಪೀರಪ್ಪ. ಹಾರ ಹಾಕೋದು ನಮಗ ಬರ್ತದ, ಕೇಳೋದು ಬರೂದಿಲ್ಲ."

ಮುಂದಿನ ಆಗಸ್ಟಿಗೆ ಅವರು ಮೊದಲೇ ಬಂದು ಏನು ಮಾಡಲಿ ಎಂದು ಕೇಳಿದರು. ಪೀರಪ್ಪ ಯೋಚಿಸಿ, ತನಗೆ ಸಭೆ ಬೇಡ, ಸುತ್ತಲಿನ ಹಳ್ಳಿಗಳಲ್ಲಿ ಫೌಜಿನಿಂದ ಬಂದವರು, ಮಕ್ಕಳನ್ನು ಕಳೆದುಕೊಂಡವರು ಯಾರಿದ್ದಾರೆ ತಿಳಿಸಿರಿ, ಅವರ ಮನೆಗೆ ಹೋಗಿಬರುತ್ತೇನೆ ಎಂದ. ಮಾಸ್ತರರಿಗೆ ಸುತ್ತಲಿನ ಮೂರು ತಾಲೂಕಿನಲ್ಲೂ ಪರಿಚಯದ ಶಿಕ್ಷಕರಿದ್ದರು. ಸುದ್ದಿ ಬಂದ ಕಡೆಗೆಲ್ಲ ಪೀರಪ್ಪ ಹೊಲದ ಕೆಲಸ ಮುಗಿಸಿಕೊಂಡು ಹೋದ. ಕೆಲವರಿಗೆ ಕಚೇರಿಯ ದಾರಿ ತೋರಿಸಿದ. ಹೆಚ್ಚಿನವರ ಮನೆಯಲ್ಲಿ ಅವನು ಮಾಡಿದ್ದು ಕುಳಿತು ಕೇಳಿದ್ದು, ಅಷ್ಟೇ. ಪದಕವನ್ನು ಮಾತ್ರ ತಪ್ಪದೆ ಧರಿಸಿ ಹೋಗುತ್ತಿದ್ದ. ಅದನ್ನು ಕಂಡರೆ ಬಾಗಿಲು ತೆರೆಯುತ್ತಾರೆ ಎಂಬುದು ಅವನಿಗೆ ಗೊತ್ತಾಗಿತ್ತು.

೧೯೯೦ರಲ್ಲಿ ಯಡ್ರಾಮಿಯಿಂದ ಒಂದು ಸುದ್ದಿ ಬಂತು. ಅಲ್ಲಿಯ ದೇವೀಂದ್ರಪ್ಪ ಎಂಬ ಯುವಕ ಶ್ರೀಲಂಕೆಗೆ ಹೋಗಿದ್ದ ಫೌಜಿನಿಂದ ಶೌರ್ಯದ ಪದಕ ಪಡೆದು ಮರಳಿದ್ದ. ಬಂದಾಗಿನಿಂದ ಯಾರೊಡನೆಯೂ ಮಾತಾಡುತ್ತಿರಲಿಲ್ಲ. ಪೀರಪ್ಪನಿಗೆ ಆಗ ನಲವತ್ತೈದು ದಾಟಿತ್ತು. ಜೇವರ್ಗಿಗೆ ಹೋಗಿ, ಅಲ್ಲಿ ಬಸ್ಸು ಬದಲಿಸಿ ಯಡ್ರಾಮಿ ತಲುಪಿದ. ದೇವೀಂದ್ರಪ್ಪ ಕಣದಲ್ಲಿ ಒಬ್ಬನೇ ತೊಗರಿ ಬಡಿಯುತ್ತಿದ್ದ. ಪೀರಪ್ಪ ಹೆಸರು ಹೇಳಿ, ಬಲಗೈಯಲ್ಲಿ ಒಂದು ಬಡಿಗೆ ಹಿಡಿದು ಎದುರು ನಿಂತು ತಾನೂ ಬಡಿದ. ಸಂಜೆ ಹೋಗುತ್ತೇನೆ ಎಂದಾಗ ಆ ಯುವಕ ತಲೆ ಮಾತ್ರ ಆಡಿಸಿದ. ಎರಡನೆಯ ಸಲ ಹೋದಾಗಲೂ ಹಾಗೆಯೇ ಆಯಿತು.

ಇನ್ನೊಂದು ಸಲ ಹೋದಾಗ ತೊಗರಿ ಚೀಲಕ್ಕೆ ತುಂಬಿ ಆಗಿತ್ತು. ಇಬ್ಬರೂ ಚೀಲಗಳಿಗೆ ಒರಗಿ ಕುಳಿತಿದ್ದರು. ದೇವೀಂದ್ರಪ್ಪ ಅವನ ಎದೆಯ ಕಡೆ ನೋಡಿದ, ಆಮೇಲೆ ಮುಖದ ಕಡೆ ನೋಡಿದ.

"ನಿಮಗ ನಿದ್ದಿ ಬರ್ತದೇನ್ರಿ?" ಎಂದು ಕೇಳಿದ.

ಪೀರಪ್ಪನಿಗೆ ಸರಿಯಾಗಿ ಕೇಳಿಸಲಿಲ್ಲ. ಎದ್ದು ಅವನ ಇನ್ನೊಂದು ಬದಿಗೆ ಬಂದು, ಕೇಳುವ ಕಿವಿಯನ್ನು ಅವನತ್ತ ಮಾಡಿ ಕುಳಿತ. ದೇವೀಂದ್ರಪ್ಪ ಮತ್ತೆ ಅದನ್ನೇ ಕೇಳಿದ.

"ಕೆಲವು ದಿನಾ ಬರ್ತದ ತಮ್ಮಾ" ಎಂದ ಪೀರಪ್ಪ. "ಬರಲಾರದ ದಿನಾ ಎದ್ದು ಕೂಡ್ತೇನಿ. ಮನ್ಯಾಕಿನೂ ಎದ್ದು ಕೂಡ್ತಾಳ."

"ಏನು ಮಾತಾಡ್ತೀರಿ?"

"ಹೊಲದ್ದು. ಮಳೀದು. ಒಮ್ಮೊಮ್ಮೆ ಅಲ್ಲಿಂದು."

ದೇವೀಂದ್ರಪ್ಪ ನೆಲದಿಂದ ನಾಲ್ಕು ತೊಗರಿ ಕಾಳು ಆರಿಸಿ ಅಂಗೈಯಲ್ಲಿ ಇಟ್ಟುಕೊಂಡ. ಆಮೇಲೆ ತಾನು ಅಲ್ಲಿ ಕಂಡದ್ದನ್ನು ಹೇಳಲು ಶುರು ಮಾಡಿದ. ಜೇವರ್ಗಿಗೆ ಹೋಗುವ ಕಡೆಯ ಬಸ್ಸು ಬಂದು ಹಾರ್ನ್ ಹೊಡೆದು ಹೊರಟುಹೋಯಿತು. ಪೀರಪ್ಪ ಕುಳಿತಲ್ಲಿಂದ ಏಳಲಿಲ್ಲ.